ಚಿಕ್ಕಮ್ಮನಿಗೆ ಯಾವ ಹೊಲಿಗೆ ಮೆಷಿನ್? – ಒಂದು ಪಾಠದ ಅನುಭವ

ಹಿನ್ನೆಲೆ

ಬೋಧನಾಭ್ಯಾಸಕ್ಕಾಗಿ ಮುತ್ತಿನಕೊಪ್ಪದಲ್ಲಿದ್ದಾಗ 9ನೇ ತರಗತಿಗೆ ಅನುಪಾತದ ಅನ್ವಯವನ್ನು ಕಲಿಸಬೇಕಿತ್ತು. ಅದೇ ವಾರ ಚಿಕ್ಕಮ್ಮ ಫೋನ್ ಮಾಡಿ, "ಹೊಸ ಮೆಷಿನ್ ತಗೊಳ್ಳೋಣ ಅಂತಿದೀನಿ, ಯಾವುದು ಒಳ್ಳೇದು ಹೇಳೇ" ಎಂದಿದ್ದರು. ಮದುವೆಗೆ ಮೊದಲು ಅವರು ಹೊಲಿಗೆ ಕಲಿತಿದ್ದರು. ಹದಿನೈದು ವರ್ಷ ಮುಟ್ಟಿರಲಿಲ್ಲ. ಈಗ ಸೀರೆಗೆ ಫಾಲ್, ಮಕ್ಕಳ ಯೂನಿಫಾರಂ ಹೊಲಿದು ನಾಲ್ಕು ಕಾಸು ಸಂಪಾದಿಸುವ ಆಸೆ. ಕೂಡಿಟ್ಟ ಹಣ ಒಂದೇ ಮೆಷಿನ್‌ಗೆ ಸಾಲುವಷ್ಟು. ಈ ಪ್ರಶ್ನೆಯನ್ನೇ ತರಗತಿಗೆ ಒಯ್ದೆ.

ಮೊದಲ ಅವಧಿ

ಬೆಲೆ, ಕಲಿಕೆಯ ಸುಲಭತೆ, ಹೊಲಿಗೆಯ ಬಗೆಗಳು, ವೇಗ, ದುರಸ್ತಿ ಎಂಬ ಐದು ಅಂಶಗಳಿಗೆ ತಲಾ 10 ಅಂಕ ಇಟ್ಟು ಹಲಗೆಯ ಮೇಲೆ ಕೋಷ್ಟಕ ಬರೆದೆ. ಗುಂಪುಗಳು ಚರ್ಚಿಸಿ ಅಂಕ ಕೊಟ್ಟವು. ಜಿಗ್‌ಜಾಗ್ ಹೊಲಿಗೆಯೂ ಬರುವ ಕರೆಂಟ್ ಮೆಷಿನ್‌ಗೆ 37, ಕಾಲಿನಿಂದ ತುಳಿಯುವ ಸಾದಾ ಮೆಷಿನ್‌ಗೆ 31. ಪಾಠ ಮುಗಿಯಿತೆಂದುಕೊಂಡೆ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದಿದ್ರೆ ಆ 37 ಅಂಕ ಇಟ್ಕೊಂಡು ಏನ್ಮಾಡೋದು?" ಇನ್ನೊಬ್ಬ ಸೇರಿಸಿದ: "ನಿಮ್ಮ ಚಿಕ್ಕಮ್ಮಂಗೆ ಕಾಲುನೋವು ಇದ್ಯಾ ಮೇಡಂ?"

ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಸಂಜೆ ಫೋನ್ ಮಾಡಿ ಕೇಳಿದೆ. ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲ. ಮೊಣಕಾಲು ನೋವೂ ಇದೆ, ತುಂಬಾ ಹೊತ್ತು ತುಳಿಯಲಾಗದು.

ಎರಡನೆಯ ಅವಧಿ

ಅನುಮತಿ ಪಡೆದು ಮಕ್ಕಳನ್ನು ಹತ್ತಿರದ ಟೈಲರ್ ಅಂಗಡಿಗೆ ಕರೆದೊಯ್ದೆ. ಕೆಳಗಿನ ದೊಡ್ಡ ಚಕ್ರದ ವ್ಯಾಸ 30 ಸೆಂ.ಮೀ., ಮೇಲೆ ಬೆಲ್ಟ್ ಕೂರುವ ಚಕ್ರದ್ದು 7.5 ಸೆಂ.ಮೀ. ಅನುಪಾತ 4:1. ಮೇಲಿನ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ ಕೆಳಗಿನದನ್ನು ಒಂದು ಸುತ್ತು ತಿರುಗಿಸಿದಾಗ ಗುರುತು ನಾಲ್ಕು ಸಲ ಬಂತು. ಮೇಲಿನ ಚಕ್ರದ ಒಂದು ಸುತ್ತಿಗೆ ಒಂದು ಹೊಲಿಗೆ. ಹೊಲಿಗೆಯ ಉದ್ದ 2.5 ಮಿ.ಮೀ. ಇದ್ದರೆ ಒಂದು ತುಳಿತಕ್ಕೆ 1 ಸೆಂ.ಮೀ.; ಒಂದು ಮೀಟರ್ ಫಾಲ್‌ಗೆ 100 ತುಳಿತ. ಮೊಣಕಾಲಿನ ಪ್ರಶ್ನೆಗೆ ಹೀಗೆ ಲೆಕ್ಕ ಸಿಕ್ಕಿತು.

ಟೈಲರ್ ಇನ್ನೆರಡು ಮಾತು ಹೇಳಿದರು. ಕೊಳ್ಳುವಾಗ ನಮ್ಮದೇ ಬಟ್ಟೆ ಒಯ್ದು ಎರಡು ಮಡಿಕೆ, ನಾಲ್ಕು ಮಡಿಕೆ ಹೊಲಿದು ಎರಡೂ ಬದಿ ನೋಡಬೇಕು. ಬಟ್ಟೆಯ ಅಡಿಯಲ್ಲಿ ದಾರ ಕುಣಿಕೆಯಾಗಿ ಜೋತರೆ ಮಕ್ಕಳೆಲ್ಲ "ಬಾಬಿನ್ ದೋಷ" ಎಂದರು. ಅದು ಹೆಚ್ಚಾಗಿ ಮೇಲಿನ ದಾರದ ಬಿಗಿ ಸಾಲದ್ದರಿಂದ. ಬಹುಕಾಲದ ನಂತರ ಕೂರುವವರು ಮೊದಲು ದಾರವಿಲ್ಲದೆ ಬರೀ ತುಳಿದು ಅಭ್ಯಾಸ ಮಾಡಬೇಕು, ಚಕ್ರ ಹಿಂದಕ್ಕೆ ತಿರುಗಿದರೆ ದಾರ ತುಂಡಾಗುತ್ತದೆ.

ತರಗತಿಗೆ ಮರಳಿ ಕೋಷ್ಟಕವನ್ನು ಎರಡು ಹಂತ ಮಾಡಿದೆವು. ಮೊದಲು ಕಡ್ಡಾಯ ಷರತ್ತುಗಳು: ಕರೆಂಟ್ ಇಲ್ಲದೆಯೂ ನಡೆಯಬೇಕು, ಕಾಲಿಗೆ ಬಿಡುವು ಸಿಗಬೇಕು, ಬಿಡಿಭಾಗ ಹತ್ತಿರದಲ್ಲೇ ದೊರೆಯಬೇಕು. ಒಂದರಲ್ಲಿ ತಪ್ಪಿದರೂ ಅದು ಪಟ್ಟಿಯಿಂದ ಹೊರಗೆ. ಉಳಿದವಕ್ಕೆ ಮಾತ್ರ ಅಂಕ. ಆಗ ಎರಡೂ ಹಳೆಯ ಆಯ್ಕೆಗಳು ಬಿದ್ದುಹೋದವು. ಉಳಿದದ್ದು, ಮೋಟಾರ್ ಕೂರಿಸಲು ಜಾಗವಿರುವ ಸಾದಾ ಕಾಲು ಮೆಷಿನ್: ಕರೆಂಟ್ ಇದ್ದಾಗ ಮೋಟಾರ್, ಇಲ್ಲದಾಗ ಕಾಲು.

ಮೌಲ್ಯಮಾಪನ

"ಚಕ್ರಗಳು 28 ಮತ್ತು 7 ಸೆಂ.ಮೀ., ಹೊಲಿಗೆ 3 ಮಿ.ಮೀ. ಆದರೆ ಒಂದು ತುಳಿತಕ್ಕೆ ಎಷ್ಟು ಉದ್ದ?" ಹೆಚ್ಚಿನವರು 12 ಮಿ.ಮೀ. ಎಂದು ಬರೆದರು. ಕೆಲವರು ಅನುಪಾತವನ್ನು ತಿರುವುಮುರುವು ಮಾಡಿದ್ದರು. ಅವರಿಗೆ ಮತ್ತೆ ವಿವರಿಸುವ ಬದಲು ಚಕ್ರವನ್ನೇ ತಿರುಗಿಸಲು ಕೊಟ್ಟಿದ್ದರೆ ಚೆನ್ನಾಗಿತ್ತು.

ನಾನು ಕಲಿತದ್ದು

ನನ್ನ ಮೊದಲ ಕೋಷ್ಟಕದಲ್ಲಿ ಕೂಡಿಸುವಿಕೆ ಸರಿಯಿತ್ತು, ಚಿಕ್ಕಮ್ಮ ಇರಲಿಲ್ಲ. ಒಂದು ಅಂಶದ ಕೊರತೆಯನ್ನು ಇನ್ನೊಂದರ ಅಂಕದಿಂದ ತುಂಬಿಸಲಾಗದ ಸಂದರ್ಭಗಳಿವೆ ಎಂಬುದನ್ನು ಮಕ್ಕಳೇ ನನಗೆ ತೋರಿಸಿದರು. ಮುಂದಿನ ಪಾಠಯೋಜನೆಯಲ್ಲಿ ಕೋಷ್ಟಕಕ್ಕೆ ಮೊದಲು ಒಂದು ಸಾಲು ಸೇರಿಸಿದ್ದೇನೆ: "ಬಳಸುವವರನ್ನು ಏನೇನು ಕೇಳಬೇಕು? ಮಕ್ಕಳು ಪಟ್ಟಿ ಮಾಡಲಿ."