ಮೇಕೆಗಳ ಅಂಟುರೋಗ: ಕೊಟ್ಟಿಗೆಗೆ ಬರುವ ದಾರಿಗಳು

ಸ್ಕಂದಗಿರಿಯ ತಪ್ಪಲಿನ ಹಳ್ಳಿಗಳಿಂದ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳವರೆಗೆ ರಾಗಿ, ಕಡಲೆಕಾಯಿ, ಹಿಪ್ಪುನೇರಳೆ ಬೆಳೆಯುವ ಅನೇಕ ಸಣ್ಣ ರೈತರು ನಾಲ್ಕಾರು ಮೇಕೆಗಳನ್ನೂ ಸಾಕುತ್ತಾರೆ. ನಾಡ ಮೇಕೆಯನ್ನು ಸಾಕುವುದು ಮುಖ್ಯವಾಗಿ ಮರಿಗಾಗಿ; ಕರೆದಷ್ಟು ಹಾಲು ಮನೆಯ ಮಕ್ಕಳಿಗೆ, ಚಹಕ್ಕೆ ಸಲ್ಲುತ್ತದೆ. ಹೆಚ್ಚು ಹಾಲಿನ ಆಸೆಯಿಂದ ಜಮುನಾಪಾರಿ, ಬೀಟಲ್, ತಲಚೇರಿ ತಳಿಗಳನ್ನು ಹೊರಗಿನಿಂದ ತರುವವರೂ ಇದ್ದಾರೆ. ಮಂದೆಯಲ್ಲಿ ರೋಗ ಕಾಣಿಸಿದಾಗ “ಗಾಳಿಗೆ ಬಂತು”, “ದೃಷ್ಟಿ ತಾಗಿತು” ಎನ್ನುವುದು ವಾಡಿಕೆ. ಆದರೆ ವಿಚಾರಿಸುತ್ತ ಹೋದರೆ ರೋಗ ಬಂದ ದಾರಿ ಬಹುಪಾಲು ಮನೆಯ ಬಾಗಿಲಲ್ಲೇ ಇರುತ್ತದೆ.

ಸಂತೆಯಿಂದ ಬಂದ ಮೇಕೆ

ರೈತನೊಬ್ಬ ಸಂತೆಯಲ್ಲಿ ಒಳ್ಳೆಯ ಕೆಚ್ಚಲಿನ ಮೇಕೆಯೊಂದನ್ನು ಕೊಂಡು, ಸಂಜೆ ತನ್ನ ಹತ್ತು ಮೇಕೆಗಳ ನಡುವೆಯೇ ಕಟ್ಟಿದನೆನ್ನೋಣ. ಮೇಕೆ ಗೆಲುವಾಗಿಯೇ ಇದೆ. ಐದಾರು ದಿನಗಳಲ್ಲಿ ಅದಕ್ಕೆ ಜ್ವರ ಬರುತ್ತದೆ. ಮೂಗು, ಕಣ್ಣುಗಳಿಂದ ಮೊದಲು ನೀರು, ಆಮೇಲೆ ಗಟ್ಟಿ ಸಿಂಬಳ ಇಳಿಯುತ್ತದೆ. ಬಾಯಿಯೊಳಗೆ ಹುಣ್ಣಾಗಿ ಮೇವು ಬಿಡುತ್ತದೆ, ಭೇದಿ ಶುರುವಾಗುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಇನ್ನೊಂದು ವಾರಕ್ಕೆ ಮನೆಯ ಮೇಕೆಗಳಿಗೂ ಇದೇ ಗತಿ. ಇದು ಪಿ.ಪಿ.ಆರ್. ರೋಗದ ನಡೆ. ಹಿರೇಬೇನೆಯೆಂದೂ ಇದನ್ನು ಕರೆಯುವುದುಂಟು. ಲಸಿಕೆ ಕಾಣದ ಮಂದೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮೇಕೆಗಳು ಸಾಯಬಹುದು.

ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನ ಅರಸೂರಿನಲ್ಲಿ. ದನಗಳ ದೊಡ್ಡರೋಗವನ್ನು 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲಗೊಳಿಸಲಾಯಿತು, ಪಿ.ಪಿ.ಆರ್. ಅದರ ದಾಯಾದಿ ವೈರಸ್ಸಿನಿಂದ ಬರುವಂಥದು. ಇದನ್ನೂ 2030ರೊಳಗೆ ಹಾಗೆಯೇ ನಿರ್ಮೂಲ ಮಾಡಬೇಕೆಂಬ ಗುರಿಯನ್ನು ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ ಇಟ್ಟುಕೊಂಡಿದೆ.

ಈ ವೈರಸ್ಸು ಬಿಸಿಲಿನಲ್ಲಿ, ಒಣ ನೆಲದಲ್ಲಿ ಬಹುಕಾಲ ಉಳಿಯದು. ಅದು ಬದುಕುವುದು ಮೇಕೆಯಿಂದ ಮೇಕೆಗೆ ಹತ್ತಿರದ ಉಸಿರು, ಸಿಂಬಳ, ಒಂದೇ ನೀರಿನ ತೊಟ್ಟಿಗಳ ಮೂಲಕ ದಾಟುತ್ತ. ಆದ್ದರಿಂದ ಹೊಸ ಮೇಕೆಯನ್ನು ಕನಿಷ್ಠ ಮೂರು ವಾರ, ಸಾಧ್ಯವಾದರೆ ಒಂದು ತಿಂಗಳು, ಬೇರೆ ಕಡೆ ಕಟ್ಟಬೇಕು. ಬೇರೆ ಎಂದರೆ ಅದೇ ಕೊಟ್ಟಿಗೆಯ ಇನ್ನೊಂದು ಮೂಲೆಯಲ್ಲ. ಮೂತಿಗೆ ಮೂತಿ ತಾಗದ, ನೀರು-ಮೇವಿನ ಪಾತ್ರೆಯೂ ಬೇರೆಯಾದ ಜಾಗ. ಮನೆಯ ಮೇಕೆಗಳ ಕೆಲಸ ಮುಗಿದ ಮೇಲೆ ಕೊನೆಗೆ ಅದರ ಆರೈಕೆ ಮಾಡಬೇಕು. ಲಸಿಕೆ ಆಗಿದೆಯೋ ಇಲ್ಲವೋ ಗೊತ್ತಿಲ್ಲದಿದ್ದರೆ, ಮೇಕೆ ಆರೋಗ್ಯವಾಗಿರುವಾಗ ಈ ಅವಧಿಯ ಮೊದಲಲ್ಲೇ ಹಾಕಿಸಿದರೆ ಮಂದೆಗೆ ಸೇರಿಸುವ ವೇಳೆಗೆ ರಕ್ಷಣೆ ಮೂಡಿರುತ್ತದೆ.

ರೈತರು ಸಾಮಾನ್ಯವಾಗಿ ಮರೆಯುವುದು ಇನ್ನೊಂದನ್ನು. ಮಾರಲೆಂದು ಸಂತೆಗೆ ಒಯ್ದು, ಬೆಲೆ ಕುದುರದೆ ವಾಪಸು ತಂದ ಮೇಕೆಯೂ ಹೊಸ ಮೇಕೆಯೇ. ಇಡೀ ದಿನ ಅದು ನೂರಾರು ಮೇಕೆ-ಕುರಿಗಳ ನಡುವೆ ನಿಂತು ಬಂದಿರುತ್ತದೆ. “ನಮ್ಮ ಮನೆಯದೇ ಅಲ್ಲವೇ” ಎಂದು ಅದನ್ನು ನೇರವಾಗಿ ಮಂದೆಗೆ ಬಿಡುತ್ತಾರೆ. ಯುಗಾದಿಯ ಹೊಸತೊಡಕು, ಬಕ್ರೀದ್‌ಗಳ ಮುಂಚೆ ಸಂತೆಗಳು ತುಂಬಿರುವಾಗ ಈ ಎಚ್ಚರ ಹೆಚ್ಚು ಬೇಕು.

ಸುಗ್ಗಿಯ ನಂತರ ಗೊಬ್ಬರಕ್ಕಾಗಿ ಹೊಲದಲ್ಲಿ ವಲಸೆ ಕುರಿಮಂದೆಯನ್ನು ನಿಲ್ಲಿಸುವ ಪದ್ಧತಿಯನ್ನು ಬಿಡಬೇಕೆಂದು ಬೇಸಾಯ ಬಲ್ಲ ಯಾರೂ ಹೇಳಲಾರರು. ರಾಗಿ ಹೊಲಕ್ಕೆ ಅಂಥ ಗೊಬ್ಬರ ಬೇರೊಂದಿಲ್ಲ. ಆದರೆ ಪಿ.ಪಿ.ಆರ್. ಕುರಿಗೂ ಬರುವ ರೋಗ. ಮಂದೆ ಇರುವಷ್ಟು ದಿನ ಮನೆಯ ಮೇಕೆಗಳನ್ನು ಆ ಹೊಲಕ್ಕೂ ಅವು ನೀರು ಕುಡಿಯುವ ಜಾಗಕ್ಕೂ ಬಿಡಬಾರದು.

ಲಸಿಕೆ

ಪಿ.ಪಿ.ಆರ್. ಲಸಿಕೆಯನ್ನು ಒಮ್ಮೆ ಸರಿಯಾಗಿ ಹಾಕಿಸಿದರೆ ಸುಮಾರು ಮೂರು ವರ್ಷ ರಕ್ಷಣೆ ಸಿಗುತ್ತದೆ. ತಾಯಿಯ ಗಿಣ್ಣುಹಾಲಿನಿಂದ ಮರಿಗೆ ಬಂದ ಶಕ್ತಿ ಮೂರು-ನಾಲ್ಕು ತಿಂಗಳಿಗೆ ಕುಂದುವುದರಿಂದ ಮರಿಗೆ ಆಗ ಹಾಕಿಸಬೇಕು. ಊರಿಗೆ ಲಸಿಕೆಯವರು ಬಂದ ದಿನ ಎಳೆಯವೆಂದು ಬಿಟ್ಟ ಮರಿಗಳನ್ನು ಆಮೇಲೆ ಯಾರೂ ನೆನೆಯುವುದಿಲ್ಲ. ಮುಂದಿನ ವರ್ಷ ರೋಗ ಹಿಡಿಯುವುದು ಇವನ್ನೇ. ಮರಿ ಹುಟ್ಟಿದ ದಿನವನ್ನು ಪಂಚಾಂಗದ ಮೇಲೆ ಗುರುತು ಹಾಕಿಡುವುದು ಒಳ್ಳೆಯದು. ಇದು ಜೀವಂತ ಲಸಿಕೆ. ತಂಪು ತಪ್ಪಿದರೆ ಕೆಡುತ್ತದೆ. ಮಂಜುಗಡ್ಡೆಯಿಲ್ಲದೆ ಜೇಬಿನಲ್ಲಿ ತಂದ ಸೀಸೆಯಿಂದ ಹಾಕಿಸುವುದಕ್ಕಿಂತ ಒಂದು ದಿನ ಕಾಯುವುದೇ ಲೇಸು. ಒಂದೇ ಸೂಜಿಯನ್ನು ಇಡೀ ಮಂದೆಗೆ ಬಳಸುವುದೂ ರೋಗ ದಾಟುವ ಒಂದು ದಾರಿ.

ಕರುಳುಬೇನೆ ಬೇರೆ ಬಗೆಯದು. ಅದರ ರೋಗಾಣು ಆರೋಗ್ಯವಂತ ಮೇಕೆಯ ಕರುಳಿನಲ್ಲೂ ಇರುತ್ತದೆ. ಮೊದಲ ಮಳೆಯ ಎಳೆಹುಲ್ಲು ಅಥವಾ ಕಾಳು-ಹಿಟ್ಟನ್ನು ಹಠಾತ್ತಾಗಿ ಅತಿಯಾಗಿ ತಿಂದಾಗ ಅದು ಹೆಚ್ಚಿ ವಿಷ ಬಿಡುತ್ತದೆ. ದಷ್ಟಪುಷ್ಟ ಮೇಕೆಯೇ ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ. ಮುಂಗಾರಿಗೆ ಮುಂಚೆ ಇದರ ಲಸಿಕೆ ಹಾಕಿಸಬೇಕು; ಮೊದಲ ಸಲವಾದರೆ ಎರಡರಿಂದ ಮೂರು ವಾರಗಳ ಅಂತರದಲ್ಲಿ ಎರಡು ಬಾರಿ.

ಕೊಟ್ಟಿಗೆಯೊಳಗೆ

ದೊಡ್ಡ ಮೇಕೆಯೊಂದಕ್ಕೆ 10ರಿಂದ 12 ಚದರ ಅಡಿ ಜಾಗ ಬೇಕು. ಕಳ್ಳರ, ಚಿರತೆಯ ಭಯಕ್ಕೆ ನಾಲ್ಕು ಕಡೆಯೂ ಗೋಡೆ ಎಬ್ಬಿಸಿ ಕಿಂಡಿಯನ್ನೂ ಮುಚ್ಚುವುದುಂಟು. ಭಯ ಸುಳ್ಳಲ್ಲ, ಆದರೆ ಗಾಳಿಗೆ ಕಂಬಿಯ ಕಿಂಡಿ ಇರಲೇಬೇಕು. ಪರೀಕ್ಷೆ ಸುಲಭ: ನಸುಕಿನಲ್ಲಿ ಬಾಗಿಲು ತೆರೆದು, ಮೇಕೆಯ ಮೂತಿಯಷ್ಟೇ ಎತ್ತರಕ್ಕೆ ಕುಕ್ಕರಿಸಿ ಕುಳಿತು ಉಸಿರೆಳೆಯಬೇಕು. ಗಂಜಲದ ಘಾಟಿಗೆ ಕಣ್ಣು ಉರಿದರೆ, ರಾತ್ರಿಯೆಲ್ಲ ಅದನ್ನೇ ಉಸಿರಾಡಿದ ಮರಿಗಳಿಗೆ ಕೆಮ್ಮು ಬಂದುದರಲ್ಲಿ ಆಶ್ಚರ್ಯವಿಲ್ಲ.

ಶಿಡ್ಲಘಟ್ಟದ ಕಡೆ ರೇಷ್ಮೆಹುಳು ತಿಂದುಳಿದ ಹಿಪ್ಪುನೇರಳೆ ಸೊಪ್ಪು-ಕಡ್ಡಿ ಮೇಕೆಗೆ ಉತ್ತಮ ಮೇವು. ಅದನ್ನು ನೆಲಕ್ಕೆ ಸುರಿದರೆ ಹಿಕ್ಕೆ-ಗಂಜಲದೊಡನೆ ಮೇಕೆಯ ಹೊಟ್ಟೆ ಸೇರುತ್ತದೆ. ಮರಿಗಳ ರಕ್ತಭೇದಿ ಬರುವುದು ಹೆಚ್ಚಾಗಿ ಹೀಗೆಯೇ. ಕಂತೆ ಕಟ್ಟಿ ಮೂತಿಯ ಎತ್ತರಕ್ಕೆ ತೂಗುಹಾಕಬೇಕು. ಬೂಷ್ಟು ಹಿಡಿದುದನ್ನು ತಿಪ್ಪೆಗೆ ಹಾಕಬೇಕು.

ಹಾಲು ಕರೆಯುವಾಗ ಕೈ ತೊಳೆದು, ಎಳೆಯ ಆರೋಗ್ಯವಂತ ಮೇಕೆಗಳನ್ನು ಮೊದಲು, ಕೆಚ್ಚಲುಬಾವು ಬಂದುದನ್ನು ಕೊನೆಗೆ ಕರೆಯಬೇಕು.

ಕಂದು ಹಾಕಿದ ಮೇಕೆ

ಮೇಕೆ ಗಬ್ಬದ ಕೊನೆಯ ಎರಡು ತಿಂಗಳಲ್ಲಿ ಕಂದು ಹಾಕಿದರೆ ಬ್ರುಸೆಲ್ಲಾ ರೋಗವನ್ನು ಶಂಕಿಸಬೇಕು. ಬಿದ್ದ ಕಂದು, ಕಸ, ಸೋರಿದ ನೀರು ಎಲ್ಲದರಲ್ಲೂ ರೋಗಾಣು ತುಂಬಿರುತ್ತದೆ. ಇದನ್ನು ಬರಿಗೈಯಲ್ಲಿ ಎತ್ತುವವರು ಬಹುಪಾಲು ಮನೆಯ ಹೆಣ್ಣುಮಕ್ಕಳು. ಬಸುರಿಯರಂತೂ ಹತ್ತಿರ ಸುಳಿಯಬಾರದು. ಕೈಚೀಲ ಹಾಕಿಕೊಂಡು ಎತ್ತಿ, ನಾಯಿ ಕೆದಕದಂತೆ ಆಳದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಬೇಕು. ಊರಿಗೆಲ್ಲ ಒಂದೇ ಹೋತವಿದ್ದು ಮನೆಯಿಂದ ಮನೆಗೆ ಎರವಲು ಹೋಗುವಲ್ಲಿ, ಆ ಹೋತವೂ ರೋಗ ಹೊರಬಹುದು. ಅದರ ಬೀಜ ಊದಿದ್ದರೆ ಹಾಯಿಸುವುದನ್ನು ನಿಲ್ಲಿಸಿ ಪರೀಕ್ಷೆ ಮಾಡಿಸಬೇಕು.

ಈ ರೋಗದ ಕೇಡು ಏನೆಂದರೆ, ಮುಂದಿನ ಸಲ ಮೇಕೆ ಸರಿಯಾಗಿಯೇ ಈಯಬಹುದು, ನೋಡಲು ಚೆನ್ನಾಗಿಯೇ ಇರಬಹುದು, ಹಾಲಿನಲ್ಲಿ ಮಾತ್ರ ರೋಗಾಣು ಹೊರಬೀಳುತ್ತಲೇ ಇರುತ್ತದೆ. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ತಿಂಗಳುಗಟ್ಟಲೆ ಜ್ವರದಿಂದ ನರಳುತ್ತಿದ್ದರು. ಡೇವಿಡ್ ಬ್ರೂಸ್ 1887ರಲ್ಲಿ ಅದರ ರೋಗಾಣುವನ್ನು ಕಂಡುಹಿಡಿದರೂ ಅದು ಎಲ್ಲಿಂದ ಬರುತ್ತದೆಂಬುದು ತಿಳಿದದ್ದು 1905ರಲ್ಲಿ. ಥೆಮಿಸ್ಟಾಕ್ಲಿಸ್ ಜಮ್ಮಿಟ್ ಎಂಬ ವೈದ್ಯರು ಪರೀಕ್ಷಿಸಿದ, ಆರೋಗ್ಯವಾಗಿ ಕಾಣುತ್ತಿದ್ದ ಮೇಕೆಗಳಲ್ಲೇ ಅದು ಇತ್ತು. ಸೈನಿಕರಿಗೆ ಮೇಕೆಯ ಹಾಲನ್ನು ನಿಲ್ಲಿಸಿದೊಡನೆ ಅವರಲ್ಲಿ ಜ್ವರ ಇಳಿಮುಖವಾಯಿತು.

ಮೇಕೆಯ ಹಸಿಹಾಲು ಮಕ್ಕಳಿಗೆ ಪುಷ್ಟಿಯೆಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಉಕ್ಕಿ ಬರುವಂತೆ ಕಾಯಿಸಿದ ಹಾಲಿನಲ್ಲಿ ಈ ರೋಗಾಣು ಉಳಿಯುವುದಿಲ್ಲ. ಕಾಯಿಸಿದ್ದರಿಂದ ಹಾಲಿನ ಸತ್ವವೂ ಅಂಥದೇನೂ ಹೋಗುವುದಿಲ್ಲ. ಕಂದು ಹಾಕಿದ ಮೇಕೆಯ ರಕ್ತವನ್ನು ಪಶುವೈದ್ಯರ ಮೂಲಕ ಪರೀಕ್ಷೆಗೆ ಕಳಿಸಬೇಕು. ಪಶುರೋಗಗಳ ಅಧ್ಯಯನಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ‘ನಿವೇದಿ’ ಇಲ್ಲಿಗೆ ದೂರವಲ್ಲದ ಯಲಹಂಕದಲ್ಲಿದೆ. ರೋಗ ಖಚಿತವಾದ ಮೇಕೆಗೆ ಔಷಧಿ ಮಾಡಿಸಿ ಉಳಿಸಿಕೊಳ್ಳುವ ಪ್ರಯತ್ನ ಫಲ ಕೊಡದು. ಅದನ್ನು ಮಂದೆಯಿಂದ ತೆಗೆಯಬೇಕು. ಸಂತೆಗೆ ಹೊಡೆದರೆ ಇನ್ನೊಬ್ಬನ ಕೊಟ್ಟಿಗೆಗೆ ರೋಗವನ್ನು ಮಾರಿದಂತೆಯೇ. ಏನು ಮಾಡಬೇಕೆಂಬುದನ್ನು ಪಶುವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ಮನೆಯಲ್ಲಿ ಯಾರಿಗಾದರೂ ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ-ಕೀಲುಗಳ ನೋವು ವಾರಗಟ್ಟಲೆ ಇದ್ದರೆ, ಮನೆಯಲ್ಲಿ ಮೇಕೆಗಳಿವೆ, ಇಂಥ ತಿಂಗಳು ಒಂದು ಮೇಕೆ ಕಂದು ಹಾಕಿತ್ತು ಎಂಬುದನ್ನು ಆಸ್ಪತ್ರೆಯಲ್ಲಿ ತಾವಾಗಿಯೇ ಹೇಳಬೇಕು. ವೈದ್ಯರು ಕೇಳದಿರಬಹುದು, ಟೈಫಾಯ್ಡ್ ಎಂದುಕೊಂಡು ಔಷಧಿ ಕೊಡಬಹುದು. ಬ್ರುಸೆಲ್ಲಾ ಜ್ವರಕ್ಕೆ ಬೇರೆ ಔಷಧಿಗಳನ್ನು ಕನಿಷ್ಠ ಆರು ವಾರ ಬಿಡದೆ ತೆಗೆದುಕೊಳ್ಳಬೇಕಾಗುತ್ತದೆ.