ಅಡ್ಮಿನ್ ಅಂದ್ರೆ ಯಾರು? ಗ್ರೂಪಿನ ಶಿಸ್ತಿಗೊಂದು ಪಾಠ

ಕಾಲೇಜಿಗೆ ಸೇರಿದ ಮೊದಲ ವಾರದಲ್ಲೇ ನಮ್ಮ ಫೋನಿಗೆ ಸಾಲು ಸಾಲು ಗ್ರೂಪ್‌ಗಳು ಬಂದು ಬೀಳುತ್ತವೆ. ಸೆಕ್ಷನ್ ಗ್ರೂಪ್, ಲ್ಯಾಬ್ ಬ್ಯಾಚ್ ಗ್ರೂಪ್, ಕನ್ನಡ ಸಂಘದ ಗ್ರೂಪ್. ವಿನೋಬನಗರದಲ್ಲಿ ರೂಮ್ ಮಾಡಿಕೊಂಡಿದ್ದರೆ ರೂಮಿನವರದ್ದೊಂದು, ಗಣೇಶ ಹಬ್ಬ ಬಂತು ಅಂದ್ರೆ ಬೀದಿಯದ್ದೊಂದು. ಪ್ರತಿ ಗ್ರೂಪಿಗೂ ಒಬ್ಬ ಅಡ್ಮಿನ್ ಇರುತ್ತಾನೆ. ಅವನ ಕೆಲಸ ಏನು ಅಂತ ಕೇಳಿದರೆ, "ಆ್ಯಡ್ ಮಾಡೋದು, ರಿಮೂವ್ ಮಾಡೋದು, ಅಷ್ಟೇ" ಅನ್ನುತ್ತೇವೆ. ಅಷ್ಟೇನಾ? ಈ ಪಾಠದಲ್ಲಿ ಅದನ್ನೇ ನೋಡೋಣ.

ಮುರ್ಕಿಯಲ್ಲಿ ನಡೆದದ್ದು

2018ರ ಜುಲೈ 13. ಹೈದರಾಬಾದಿನ ಕಡೆಯಿಂದ ಕೆಲವು ಗೆಳೆಯರು ಕಾರಿನಲ್ಲಿ ಬೀದರ್ ಜಿಲ್ಲೆಗೆ ಬಂದಿದ್ದರು. ಹಂದಿಕೇರಾ ಎಂಬ ಊರಿನ ಹತ್ತಿರ ಅವರಲ್ಲೊಬ್ಬರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಆ ದಿನಗಳಲ್ಲಿ ದೇಶದ ತುಂಬಾ 'ಮಕ್ಕಳ ಕಳ್ಳರು ಬಂದಿದ್ದಾರೆ' ಎಂಬ ಫಾರ್ವರ್ಡ್ ಹರಿದಾಡುತ್ತಿತ್ತು. ಜನ ಸುತ್ತುವರಿದರು, ಇವರು ಹೆದರಿ ಕಾರು ಓಡಿಸಿದರು. ಕಾರಿಗಿಂತ ಮುಂದೆ ಮೆಸೇಜ್ ಓಡಿತು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸುದ್ದಿ ನೋಡಿದ ಮುರ್ಕಿ ಗ್ರಾಮದವರು ರಸ್ತೆಗೆ ಅಡ್ಡ ಹಾಕಿ ಕಾದು ನಿಂತಿದ್ದರು. ಗುಂಪಿನ ಹೊಡೆತಕ್ಕೆ ಒಬ್ಬ ಯುವಕ ಸತ್ತ. ವಯಸ್ಸು 32, ಸಾಫ್ಟ್‌ವೇರ್ ಎಂಜಿನಿಯರ್. ಇನ್ನೊಂದು ಹತ್ತು ವರ್ಷಕ್ಕೆ ನಾವು ಏನಾಗಬೇಕು ಅಂದುಕೊಂಡಿದ್ದೇವೋ, ಅದೇ ಆಗಿದ್ದವನು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಬಂಧಿತರಾದವರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದ.

ಗಮನಿಸಿ: ಆಗ ಬೇರೆಯವರ ಮೆಸೇಜನ್ನು ಎಲ್ಲರ ಫೋನಿನಿಂದ ಅಳಿಸುವ ಸೌಲಭ್ಯ ಅಡ್ಮಿನ್‌ಗೆ ಇರಲಿಲ್ಲ. ಅದು ಬಂದದ್ದು 2022ರಲ್ಲಿ. ಆದರೆ "ಇದು ಖಚಿತವಾ? ಪೊಲೀಸರಿಗೆ ಫೋನ್ ಮಾಡಿದ್ರಾ?" ಎಂದು ಒಂದು ಸಾಲು ಬರೆಯಲು ಯಾವ ಸೌಲಭ್ಯವೂ ಬೇಕಿಲ್ಲ. ಅಂಥ ಸಾಲನ್ನು ಬರೆಯುವ ರೂಢಿ ಗ್ರೂಪಿನಲ್ಲಿ ಮೊದಲಿನಿಂದಲೂ ಇರಬೇಕು. ಉದ್ರೇಕದ ಹೊತ್ತಿನಲ್ಲಿ ಹೊಸ ನಿಯಮ ಹುಟ್ಟುವುದಿಲ್ಲ.

ವಿನ್ಯಾಸ ಮಾಡಬಹುದಾದ್ದು

ಎಂಜಿನಿಯರುಗಳ ಕಣ್ಣಿಗೆ ಬೀಳಬೇಕಾದ ಭಾಗ ಇದು. 2018ರ ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ 'ಫಾರ್ವರ್ಡೆಡ್' ಎಂಬ ಗುರುತು ತಂದಿತು. ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿಯನ್ನೂ ಘೋಷಿಸಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಮ್ಮೆಗೆ ಒಂದೇ ಚಾಟ್‌ಗೆ ಎಂದು ಬಿಗಿ ಮಾಡಿತು. ಅಂಥ ಮೆಸೇಜ್‌ಗಳ ಹರಿವು ಶೇ. 70ರಷ್ಟು ಇಳಿಯಿತು ಎಂದು ಕಂಪನಿಯೇ ಹೇಳಿತು.

ಇಲ್ಲಿ ಯಾರ ಬಾಯಿಯನ್ನೂ ಮುಚ್ಚಿಸಿಲ್ಲ, ಯಾರನ್ನೂ ಹೊರಗೆ ಹಾಕಿಲ್ಲ. ರಸ್ತೆಗೆ ಹಂಪ್ ಹಾಕಿದ ಹಾಗೆ ವೇಗ ತಗ್ಗಿಸಿದ್ದಾರೆ. ನಮ್ಮ ಗ್ರೂಪಿನಲ್ಲೂ ಇದು ಸಾಧ್ಯ. ಪರೀಕ್ಷೆ ವೇಳಾಪಟ್ಟಿಯ ಗ್ರೂಪಿನಲ್ಲಿ ಅಡ್ಮಿನ್‌ಗಳಷ್ಟೇ ಬರೆಯುವಂತೆ ಮಾಡಿ, ಹರಟೆಗೆ ಬೇರೆ ಗ್ರೂಪ್ ಇಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕಾನೂನು ಏನು ಹೇಳುತ್ತದೆ?

ಬೇರೆಯವರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಾ? 2016ರಲ್ಲಿ ದೆಹಲಿ ಹೈಕೋರ್ಟ್ ಇದಕ್ಕೆ ಚಂದದ ಹೋಲಿಕೆ ಕೊಟ್ಟಿತು: ಮಾನಹಾನಿ ಬರಹಕ್ಕೆ ಅಡ್ಮಿನ್‌ನನ್ನು ಹೊಣೆ ಮಾಡುವುದು, ಪತ್ರಿಕೆಯ ತಪ್ಪಿಗೆ ಕಾಗದ ತಯಾರಿಸಿದವನನ್ನು ಹಿಡಿದ ಹಾಗೆ. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, 2022ರಲ್ಲಿ ಕೇರಳ ಹೈಕೋರ್ಟ್ ಕೂಡ, ಸದಸ್ಯ ಹಾಕಿದ ಪೋಸ್ಟಿಗೆ ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಅಪರಾಧದ ಹೊಣೆ ಬರುವುದಿಲ್ಲ ಎಂದವು. ಅಡ್ಮಿನ್ ತಾನೂ ಆ ಕೆಲಸದಲ್ಲಿ ಸೇರಿಕೊಂಡಿದ್ದರೆ ಮಾತು ಬೇರೆ.

ಹಾಗಾದ್ರೆ ಆರಾಮಾಗಿ ಇರಬಹುದಾ? ಕಾನೂನಿನ ಹೊಣೆ ಮುಗಿದ ಕಡೆ ಜವಾಬ್ದಾರಿ ಮುಗಿಯುವುದಿಲ್ಲ. ಅಲ್ಲಿಂದ ಮುಂದಿನದು ನಮ್ಮ ನಮ್ಮಲ್ಲೇ ಕಟ್ಟಿಕೊಳ್ಳಬೇಕಾದ ಶಿಸ್ತು.

ಶಾಸನ ಮತ್ತು ಅನುಶಾಸನ

ನಮ್ಮ ವಿನೋಬನಗರ ಹೊತ್ತಿರುವ ಹೆಸರನ್ನೇ ನೆನೆಯಿರಿ. ತುರ್ತು ಪರಿಸ್ಥಿತಿಯ ಕಾಲದಲ್ಲಿ ವಿನೋಬಾ ಭಾವೆ ಅವರ 'ಅನುಶಾಸನ ಪರ್ವ' ಎಂಬ ಮಾತನ್ನು ಸರ್ಕಾರ ತನ್ನ ಪರವಾಗಿ ಪ್ರಚಾರ ಮಾಡಿಕೊಂಡಿತು. ಆಮೇಲೆ ಅವರು ಅದರ ಅರ್ಥ ಬಿಡಿಸಿ ಹೇಳಿದರು. ಸರ್ಕಾರದ್ದು ಶಾಸನ, ಆಚಾರ್ಯರದ್ದು ಅನುಶಾಸನ. ಮೊದಲನೆಯದರ ಹಿಂದೆ ದಂಡ ಇರುತ್ತದೆ, ಎರಡನೆಯದರ ಹಿಂದೆ ಹೇಳುವವರ ಮೇಲಿನ ನಂಬಿಕೆ ಇರುತ್ತದೆ.

ಅಡ್ಮಿನ್ ಕೈಯಲ್ಲಿರುವ ರಿಮೂವ್ ಬಟನ್ ಶಾಸನ. ಅದು ಬೇಡ ಅಂತಲ್ಲ. ಆದರೆ ದಿನಕ್ಕೆರಡು ಸಲ ಒತ್ತಬೇಕಾಗಿ ಬಂದರೆ ಆ ಗ್ರೂಪಿನಲ್ಲಿ ಅನುಶಾಸನ ಸತ್ತಿದೆ ಎಂದೇ ಅರ್ಥ.

ಅನುಶಾಸನ ಹೇಗೆ ಹುಟ್ಟುತ್ತದೆ? ಎಲಿನೋರ್ ಆಸ್ಟ್ರಮ್ ಇದನ್ನು ಜೀವಮಾನವಿಡೀ ಅಭ್ಯಾಸ ಮಾಡಿದರು. ನೀರು, ಕಾಡು, ಮೀನು, ಹುಲ್ಲುಗಾವಲನ್ನು ಹಂಚಿಕೊಂಡು ಬಾಳುವ ಜನ ಹೇಗೆ ನಿಯಮ ಮಾಡಿಕೊಳ್ಳುತ್ತಾರೆ ಎಂಬುದೇ ಅವರ ವಿಷಯ. 1990ರ ಪುಸ್ತಕದಲ್ಲಿ ಎಂಟು ಸೂತ್ರ ಕೊಟ್ಟರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ನಮಗೆ ಬೇಕಾದವು ಮೂರು: ನಿಯಮ ಪಾಲಿಸುವವರೇ ನಿಯಮ ಮಾಡುವಾಗಲೂ ಕೂತಿರಬೇಕು, ಕಾಯುವವನು ಸದಸ್ಯರಿಗೆ ಉತ್ತರ ಕೊಡಬೇಕು, ಶಿಕ್ಷೆ ಸಣ್ಣದರಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು.

ನಮ್ಮ ಕೆರೆಗಳ ನೀರುಗಂಟಿಯನ್ನು ನೆನೆದರೆ ಇದು ಹೊಸತೇನಲ್ಲ. ಯಾರ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವವನು ಅವನು. ಗೌಡರ ಗದ್ದೆಗೆ ಒಂದು ಲೆಕ್ಕ, ಬಡವನ ಗದ್ದೆಗೆ ಇನ್ನೊಂದು ಲೆಕ್ಕ ಅಂತಾದ ದಿನ ಅವನ ಮಾತು ನಡೆಯುವುದಿಲ್ಲ.

ಗ್ರೂಪಿಗೆ ಅಳವಡಿಸೋದು ಹೇಗೆ?

1. ನಿಯಮ ಐದು ಮೀರದಿರಲಿ. ಸೆಮಿಸ್ಟರ್ ಶುರುವಿನಲ್ಲೇ ಎಲ್ಲರೂ ಚರ್ಚಿಸಿ ಬರೆದು, ಗ್ರೂಪ್ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿ. ತಪ್ಪು ನಡೆದ ಮೇಲೆ ಮಾಡಿದ ನಿಯಮವನ್ನು ಹಿಂದಿನ ತಪ್ಪಿಗೆ ಹಚ್ಚಬೇಡಿ.

2. ನಡತೆಯನ್ನು ಹೆಸರಿಸಿ. 'ಸಭ್ಯವಾಗಿರಿ' ಅಂದ್ರೆ ಒಬ್ಬೊಬ್ಬರಿಗೂ ಒಂದೊಂದು ಅರ್ಥ. 'ಯಾರ ಫೋಟೊವನ್ನೂ ಕೇಳದೆ ಹಾಕಬೇಡಿ' ಅಂದ್ರೆ ಒಂದೇ ಅರ್ಥ.

3. ಮೊದಲ ಮೆಟ್ಟಿಲು ಖಾಸಗಿ ಮಾತು. ನೂರು ಜನರ ಮುಂದೆ ಬೈಸಿಕೊಂಡವನು ತಪ್ಪನ್ನು ಬಿಟ್ಟು ಮರ್ಯಾದೆಯ ಕಡೆ ನೋಡುತ್ತಾನೆ. ಎರಡನೆಯದು ಗ್ರೂಪಿನಲ್ಲಿ ಎಚ್ಚರಿಕೆ, ಮೂರನೆಯದು ಒಂದು ವಾರ ಹೊರಗೆ. ವಾರ ಮುಗಿದ ಮೇಲೆ ಮರೆಯದೆ ವಾಪಸ್ ಸೇರಿಸಿ.

4. ಅಡ್ಮಿನ್ ಇಬ್ಬರಿಗಿಂತ ಹೆಚ್ಚಿರಲಿ. ಅವರಲ್ಲೊಬ್ಬರ ಗೆಳೆಯನೇ ತಪ್ಪು ಮಾಡಿದರೆ ತೀರ್ಮಾನ ಇನ್ನೊಬ್ಬರದ್ದು. ಸೆಮಿಸ್ಟರ್‌ಗೊಮ್ಮೆ ಬದಲಾಗಲಿ.

5. ಕಾರಣ ಹೇಳಿ ತೆಗೆಯಿರಿ. 'ಎರಡನೇ ನಿಯಮ ಮುರಿದದ್ದಕ್ಕೆ ಅಳಿಸಿದೆ' ಎಂಬ ಒಂದು ಸಾಲು ಸಾಕು.

ನಾವು ತೀರ್ಮಾನಿಸಬಾರದ ವಿಷಯಗಳು

ಈ ಮೆಟ್ಟಿಲುಗಳು ಎಲ್ಲ ತಪ್ಪಿಗೂ ಅಲ್ಲ. ಬೆದರಿಕೆ, ಹುಡುಗಿಯರ ತಿದ್ದಿದ ಚಿತ್ರ, ಜೂನಿಯರ್‌ಗಳ ಕಿರುಕುಳ ಕಂಡರೆ 'ನಮ್ಮಲ್ಲೇ ಮುಗಿಸಿಕೊಳ್ಳೋಣ' ಎನ್ನಬೇಡಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಕಾಲೇಜಿನ ಸಮಿತಿಗೆ ಅಥವಾ ಪೊಲೀಸರಿಗೆ ತಿಳಿಸಿ. ಸೀನಿಯರ್‌ಗಳು ಅನಧಿಕೃತ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿ ಜೂನಿಯರ್‌ಗಳನ್ನು ಕಾಡುವುದೂ ರ‍್ಯಾಗಿಂಗ್ ಎಂದು ಯುಜಿಸಿ 2025ರಲ್ಲಿ ಸ್ಪಷ್ಟಪಡಿಸಿದೆ. ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522. ನಿಮ್ಮ ಗ್ರೂಪಿನ ಡಿಸ್ಕ್ರಿಪ್ಷನ್‌ನ ಕೊನೆಯ ಸಾಲಾಗಿ ಈ ನಂಬರ್ ಇರಲಿ.

ಅಭ್ಯಾಸ

ನಿಮ್ಮ ಸೆಕ್ಷನ್ ಗ್ರೂಪಿಗೆ ಐದು ನಿಯಮ ಬರೆಯಿರಿ. ನಿಮಗೆ ಇಷ್ಟವಿಲ್ಲದ ಒಬ್ಬ ಸಹಪಾಠಿ ನಾಳೆ ಅಡ್ಮಿನ್ ಆಗಿ, ಇದೇ ನಿಯಮವನ್ನು ನಿಮ್ಮ ಮೇಲೆ ಹಾಕಿದ ಎಂದುಕೊಳ್ಳಿ. ಆಗಲೂ ಸರಿ ಅನ್ನಿಸಿದ ನಿಯಮವನ್ನು ಉಳಿಸಿ, ಉಳಿದದ್ದನ್ನು ತಿದ್ದಿ. ತಿದ್ದಿದ್ದನ್ನು ಗ್ರೂಪಿಗೆ ಹಾಕಿ, ಎಲ್ಲರ ಅಭಿಪ್ರಾಯ ಕೇಳಿ.