ಹಳೆಯ ರೆಸೊನೇಟರ್ ಗಿಟಾರು: ಗುರುತಿಸುವ ಬಗೆ

ನಮ್ಮ ವಾಚನಾಲಯಕ್ಕೆ ಬರುವ ಮಗ್ಗದ ಖಾತೆಯ ಗೆಳೆಯರೊಬ್ಬರು ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಗಿಟಾರು ನೋಡಿ ಬಂದರು. ಒಡಲೆಲ್ಲ ಲೋಹ, ಎದೆಯ ಮೇಲೆ ತೂತುತೂತಿನ ದುಂಡು ಮುಚ್ಚಳ. "ಬೆಳ್ಳಿಯದು, ಅಮೆರಿಕೆಯ ಹಳೇ ಮಾಲು" ಎಂದು ಅಂಗಡಿಯವನು ಎರಡು ತಿಂಗಳ ಪಗಾರದಷ್ಟು ಬೆಲೆ ಹೇಳಿದನಂತೆ. ಊರಿಗೆ ಕಳಿಸಬೇಕಾದ ಹಣವನ್ನೇ ಮುಂಗಡ ಕೊಡಲು ಅವರು ಸಿದ್ಧರಾಗಿದ್ದರು. ಒಂದು ವಾರ ತಡೆಯಿರೆಂದು ಬೇಡಿಕೊಂಡು, ಓದಿ ವಿಚಾರಿಸಿ ನಾವು ತಿಳಿದದ್ದನ್ನು ಇಲ್ಲಿ ಬರೆದಿದ್ದೇವೆ.

ಈ ವಾದ್ಯ ಏಕೆ ಹುಟ್ಟಿತೆಂಬುದನ್ನು, ಮಗ್ಗಗಳ ಗದ್ದಲದಲ್ಲಿ ಕೈಸನ್ನೆಯಿಂದಲೇ ಮಾತಾಡುವ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1920ರ ದಶಕದಲ್ಲಿ ಅಮೆರಿಕೆಯ ವಾದ್ಯವೃಂದಗಳ ತುತ್ತೂರಿ, ಡೋಲುಗಳ ಅಬ್ಬರದಲ್ಲಿ ಗಿಟಾರಿನ ದನಿ ಮುಳುಗಿಹೋಗುತ್ತಿತ್ತು. ಜಾರ್ಜ್ ಬೀಚಮ್ ಎಂಬ ಹವಾಯಿ ಗಿಟಾರು ವಾದಕರು ಲಾಸ್ ಏಂಜಲೀಸ್ ನಗರದಲ್ಲಿದ್ದ ಜಾನ್ ಡೋಪ್ಯೇರಾ ಎಂಬ ವಾದ್ಯ ತಯಾರಕರಲ್ಲಿಗೆ ಹೋಗಿ, ಇನ್ನೂ ಗಟ್ಟಿ ದನಿಯ ಗಿಟಾರು ಬೇಕೆಂದರು. ಸಾಧಾರಣ ಗಿಟಾರಿನಲ್ಲಿ ತಂತಿಯ ಅದುರು ಕುದುರೆಯಿಂದ ಮೇಲಿನ ಮರದ ಹಲಗೆಗೆ ಇಳಿಯುತ್ತದಷ್ಟೆ. ಡೋಪ್ಯೇರಾ ಆ ಕುದುರೆಯನ್ನು ಆಲಿಕೆಯಂತಿರುವ ತೆಳುವಾದ ಅಲ್ಯುಮಿನಿಯಂ ಶಂಕುಗಳ ಮೇಲೆ ನಿಲ್ಲಿಸಿದರು. ರೇಡಿಯೋ ಪೆಟ್ಟಿಗೆಯೊಳಗೆ ಕಾಗದದ ಶಂಕು ಮಾಡುವ ಕೆಲಸವನ್ನೇ ಇದು ವಿದ್ಯುತ್ತಿಲ್ಲದೆ ಮಾಡುತ್ತದೆ. 1927ರಲ್ಲಿ 'ನ್ಯಾಷನಲ್' ಎಂಬ ಹೆಸರಿನಿಂದ ಇದು ಮಾರಾಟಕ್ಕೆ ಬಂತು.

ಒಳಗಿನ ಏರ್ಪಾಡಿನಲ್ಲಿ ಮೂರು ಬಗೆ. ಮೊದಲನೆಯದರಲ್ಲಿ ಮೂರು ಚಿಕ್ಕ ಶಂಕುಗಳು. ಅವುಗಳ ಮೇಲೆ ಇಂಗ್ಲಿಷಿನ 'ಟಿ' ಅಕ್ಷರದಂತಹ ಲೋಹದ ಪಟ್ಟಿ. ಮುಚ್ಚಳದ ಮೇಲೂ ಆ 'ಟಿ' ಕಾಣುತ್ತದೆ. ಎರಡನೆಯದು 1928ರದು: ಒಂದೇ ದೊಡ್ಡ ಶಂಕು, ಅದರ ತುದಿ ಮೇಲಕ್ಕೆ, ತುದಿಯ ಮೇಲೊಂದು ಮರದ ಬಿಲ್ಲೆ. ಈ ಬಿಲ್ಲೆಗೆ ಅಲ್ಲಿಯವರು 'ಬಿಸ್ಕತ್ತು' ಎನ್ನುತ್ತಾರೆ! ಅಷ್ಟರಲ್ಲಿ ಪಾಲುದಾರರಲ್ಲಿ ಮನಸ್ತಾಪ ಬಂದು, ಡೋಪ್ಯೇರಾ ಸಹೋದರರು ಬೇರೆಯಾಗಿ 'ಡೋಬ್ರೋ' ಎಂಬ ಕಂಪನಿ ತೆರೆದರು. ಆ ಹೆಸರಿನಲ್ಲಿ ಅವರ ಮನೆತನದ ಹೆಸರೂ ಅಡಗಿದೆ. ಅವರ ಸ್ಲೋವಾಕ್ ಭಾಷೆಯಲ್ಲಿ ಅದಕ್ಕೆ 'ಒಳ್ಳೆಯದು' ಎಂಬ ಅರ್ಥವೂ ಇದೆ. ಇದು ಮೂರನೆಯ ಬಗೆ. ಶಂಕುವನ್ನು ಬಟ್ಟಲಿನಂತೆ ಅಂಗಾತ ಇಟ್ಟು, ಜೇಡನ ಕಾಲಿನಂತಹ ಎಂಟು ಕಾಲುಗಳ ಚೌಕಟ್ಟಿನ ಮೇಲೆ ಕುದುರೆ ಕೂರಿಸಿದೆ. ಒಡಲು ಸಾಮಾನ್ಯವಾಗಿ ಮರದ್ದು.

ಇನ್ನು ಲೋಹ. ದುಬಾರಿಯ ಮೂರು ಶಂಕುಗಳ ಗಿಟಾರಿಗೆ ಬಳಸಿದ್ದು ಜರ್ಮನ್ ಸಿಲ್ವರ್. ನಮ್ಮ ಮನೆಗಳ ತಟ್ಟೆ ಲೋಟಗಳಿಂದ ಈ ಹೆಸರು ಎಲ್ಲರಿಗೂ ಗೊತ್ತು. ಅದರಲ್ಲಿರುವುದು ತಾಮ್ರ, ಸತು, ನಿಕಲ್. ಬೆಳ್ಳಿ ಒಂದು ಗುಂಜಿಯೂ ಇಲ್ಲ. ಎಷ್ಟು ಸವೆದರೂ ಒಳಗೂ ಅದೇ ಬಣ್ಣ. ಹಿತ್ತಾಳೆಗೆ ನಿಕಲ್ ಲೇಪ ಮಾಡಿದ್ದರೆ ಸವೆದ ಕಡೆ ಹಳದಿ ಇಣುಕುತ್ತದೆ. ಉಕ್ಕಾದರೆ ಸೂಜಿಗಲ್ಲು ಗಟ್ಟಿಯಾಗಿ ಹಿಡಿಯುತ್ತದೆ. ಉಕ್ಕೆಂದ ಮಾತ್ರಕ್ಕೆ ಕೀಳಲ್ಲ: 'ಡ್ಯುಓಲಿಯನ್' ಎಂಬ ಅಗ್ಗದ ಉಕ್ಕಿನ ನಮೂನೆಗೆ ಇಂದಿಗೂ ಗಿರಾಕಿಗಳಿದ್ದಾರೆ. ಮೂರು ಶಂಕುಗಳ ಗಿಟಾರಿನಲ್ಲಿ 1ನೇ ನಮೂನೆ ಸಾದಾ, 2ರ ಮೇಲೆ ಕಾಡುಗುಲಾಬಿ, 4ರ ಮೇಲೆ ಸೇವಂತಿಗೆಯ ಕೆತ್ತನೆ.

ಕತ್ತಿನ ಹಿಂಭಾಗವನ್ನೂ ಸವರಿ ನೋಡಬೇಕು. ಚೌಕವಾಗಿದ್ದರೆ ಅದು ತೊಡೆಯ ಮೇಲೆ ಮಲಗಿಸಿ, ಗೋಟುವಾದ್ಯದಲ್ಲಿ ಕೊರಡು ಜಾರಿಸುವಂತೆ ಉಕ್ಕಿನ ತುಂಡು ಜಾರಿಸಿ ನುಡಿಸುವಂಥದ್ದು. ಬೆರಳಿನಿಂದ ಮನೆ ಒತ್ತಿ ನುಡಿಸಲು ಅದು ಒದಗದು.

ಹೆಸರನ್ನು ಮಾತ್ರ ನೋಡಿ ಮೋಸಹೋಗಬಾರದು. ಬೇಲಿನ ಮೇಲಿನ ಛಾಪು ನೋಡಿ ಒಳಗಿನ ತಾಕುಗಳನ್ನು ಲೆಕ್ಕಕ್ಕೆ ಬರೆದುಕೊಂಡರೆ ನಮ್ಮ ಗತಿ ಏನಾದೀತು? ಯುದ್ಧಕಾಲದ ಲೋಹದ ಅಭಾವದಿಂದ 1940ರ ದಶಕದ ಆರಂಭದಲ್ಲಿ ಮೂಲ ತಯಾರಿಕೆ ನಿಂತಿತು. ಆದರೆ 1967ರಲ್ಲಿ ಡೋಪ್ಯೇರಾ ಮನೆಯವರೇ ಮತ್ತೆ ಕೆಲಸ ಆರಂಭಿಸಿದರು. 1989ರಲ್ಲಿ 'ನ್ಯಾಷನಲ್ ರೆಸೊ-ಫೋನಿಕ್' ಎಂಬ ಹೊಸ ಕಂಪನಿ ಬಂತು. ಚೀನದ ಅಗ್ಗದ ಮಾಲಂತೂ ಧಾರಾಳ. ಹಳೆಯ ಲೋಹದ ನ್ಯಾಷನಲ್‌ಗಳಲ್ಲಿ ಸಾಮಾನ್ಯವಾಗಿ ತಲೆಯ ಮೇಲಂಚಿನಲ್ಲಿ ಅಂಕಿ ಒತ್ತಿರುತ್ತದೆ. ಅದೂ ಒಂದು ಸಾಕ್ಷಿಯಷ್ಟೆ.

ನಿಜವಾದ ಜೀವ ಶಂಕುವಿನಲ್ಲಿದೆ. ಅದು ನಗ್ಗಿದ್ದರೆ ಮೇಲಿನ ಹೊಳಪೆಲ್ಲ ವ್ಯರ್ಥ. ತಂತಿಗಳನ್ನು ಒಂದೊಂದಾಗಿ ಮೀಟಿ ಕೇಳಿ: ದನಿ ಥಟ್ಟನೆ ಎದ್ದು ಬರಬೇಕು, ಗಿರಗಿರ ಸದ್ದು ಕೂಡದು. ಕೆಲವೊಮ್ಮೆ ಸಡಿಲವಾದ ತಿರುಪೂ ಗಿರಗುಟ್ಟುತ್ತದೆ. ಅದು ಸುಲಭದ ದುರಸ್ತಿ. ಮುಚ್ಚಳ ತೆಗೆಯುವಾಗ ಮೊದಲು ತಂತಿ ಸಡಿಲಿಸಬೇಕು. ಶಂಕುವನ್ನು ಬೆರಳಿನಿಂದ ಅಮುಕಲೇಬಾರದು. ಹಳೆಯ ಮಾಸಲನ್ನು ತಿಕ್ಕಿ ಹೊಳಪಿಸಿದರೆ ಬೆಲೆ ಏರುವುದರ ಬದಲು ಇಳಿಯುತ್ತದೆ.

ದನಿಯ ರುಚಿ ತಿಳಿಯಲು ಇಬ್ಬರನ್ನು ಕೇಳಿದರೆ ಸಾಕು. ಹವಾಯಿಯ ಸೋಲ್ ಹೂಪೀ ಅವರ ಮೂರು ಶಂಕುಗಳ ಗಿಟಾರಿನದು ನುಣುಪಾದ, ಎಳೆದಷ್ಟೂ ಉಳಿಯುವ ನಾದ. ಮಿಸಿಸಿಪ್ಪಿಯ ಬುಕ್ಕಾ ವೈಟ್ ಅವರ ಉಕ್ಕಿನ ಗಿಟಾರಿನದು ಒರಟು ದನಿ, ಬಡಿದಂತೆ ಬರುತ್ತದೆ. ನಮಗೆ ಹಿಡಿಸಿದ್ದು ಎರಡನೆಯದೇ. ಇಂಥ ವಾದ್ಯ ನಮ್ಮ ದೇಶದಲ್ಲಿ ಸಿಗುವುದೇ ಇಲ್ಲವೆನ್ನಲಾಗದು. ಹವಾಯಿ ಗಿಟಾರಿನ ಟೌ ಮೋ ಕುಟುಂಬ 1940ರ ದಶಕದಲ್ಲಿ ಕಲ್ಕತ್ತೆಯಲ್ಲೇ ನೆಲೆಸಿ ನುಡಿಸುತ್ತಿತ್ತು.

ಗೆಳೆಯರೊಂದಿಗೆ ನಾವೂ ಅಂಗಡಿಗೆ ಹೋದೆವು. ಸೂಜಿಗಲ್ಲು 'ಬೆಳ್ಳಿ'ಗೆ ಟಪ್ಪೆಂದು ಅಂಟಿಕೊಂಡಿತು. ತಲೆಯ ಮೇಲೆ ಅಂಕಿಯಿಲ್ಲ, ತಿರುಪುಗಳೆಲ್ಲ ಹೊಚ್ಚಹೊಸವು. ಆದರೆ ಶಂಕು ನೆಟ್ಟಗಿತ್ತು, ದನಿಯೂ ಚೆನ್ನಾಗಿತ್ತು. ಹೇಳಿದ್ದರ ಕಾಲುಭಾಗಕ್ಕೆ ಬೆಲೆ ಇಳಿದ ಮೇಲೆ ಗೆಳೆಯರು ಅದನ್ನು ಹೊಸ ಮಾಲೆಂದೇ ತಿಳಿದು ಕೊಂಡರು. ಊರಿಗೆ ಮನಿಯಾರ್ಡರೂ ಹೋಯಿತು. ಬರುವ ಭಾನುವಾರ ಸಂಜೆ ಅದನ್ನು ವಾಚನಾಲಯಕ್ಕೆ ತರುತ್ತಾರೆ. ಸೂಜಿಗಲ್ಲು ನಮ್ಮ ಮೇಜಿನ ಖಾನೆಯಲ್ಲಿದೆ; ಬೇಕಾದವರು ಕೇಳಿ ಪಡೆಯಬಹುದು.